ಕಾನೂನು ಪ್ರಶ್ನೋತ್ತರ: ಬಾರ್ ಪರೀಕ್ಷೆಯ ಅರ್ಜಿ ತಡವಾದರೆ

ಪ್ರಶ್ನೆ: ಕಳೆದ ವರ್ಷ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಿ, ತಾಲ್ಲೂಕು ಕೋರ್ಟಿನಲ್ಲಿ ಹಿರಿಯರೊಬ್ಬರ ಬಳಿ ಜೂನಿಯರ್ ಆಗಿದ್ದೇನೆ. ನೋಂದಣಿಯಾದ ವಕೀಲರು ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಗೆ (ಎಐಬಿಇ) ಅರ್ಜಿ ಹಾಕುವ ದಿನ ಮುಗಿದುಹೋಯಿತು. ದಂಡ ಕಟ್ಟಿ ಈಗ ಹಾಕಬಹುದೇ?
– ಓದುಗರು, ತಿಪಟೂರು

ಉತ್ತರ: ಎಐಬಿಇಯಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆಗಳಂತೆ ದಂಡ ಕಟ್ಟಿ ತಡವಾಗಿ ಅರ್ಜಿ ಹಾಕುವ ಪದ್ಧತಿ ಇಲ್ಲ. ಹಣ ಕೊಟ್ಟರೆ ಒಳಗಿಂದ ಸೇರಿಸುತ್ತೇವೆ ಎನ್ನುವವರನ್ನು ದಯವಿಟ್ಟು ನಂಬಬೇಡಿ.

ಆದರೆ ಕೈಚೆಲ್ಲಿ ಕೂರಬೇಕಾಗಿಯೂ ಇಲ್ಲ. ಪರೀಕ್ಷೆ ನಡೆಸುವ ಭಾರತೀಯ ವಕೀಲರ ಪರಿಷತ್ತು ಎಲ್ಲರಿಗೂ ಅನ್ವಯಿಸುವಂತೆ ದಿನಾಂಕ ಮುಂದೂಡಿದ ಉದಾಹರಣೆಗಳಿವೆ. 19ನೇ ಪರೀಕ್ಷೆಗೆ 2024ರ ಅಕ್ಟೋಬರ್ 25 ಎಂದಿದ್ದ ಗಡುವು ನವೆಂಬರ್ 15ರವರೆಗೆ ಹೋಯಿತು. 20ನೆಯದಕ್ಕೆ 2025ರ ಅಕ್ಟೋಬರ್ 28ರಿಂದ 31ಕ್ಕೆ, ಅಂದರೆ ಮೂರೇ ದಿನ. ಎಷ್ಟು ದಿನ ಸಿಗುತ್ತದೆಂದು ಮೊದಲೇ ಹೇಳಲಾಗದು. ಆದ್ದರಿಂದ ಪರೀಕ್ಷೆಯ ಅಧಿಕೃತ ಜಾಲತಾಣವನ್ನು ದಿನಾ ನೋಡಿ, ವಾಟ್ಸ್‌ಆ್ಯಪ್ ಸುದ್ದಿಗೆ ಕಾಯಬೇಡಿ. ನೋಂದಣಿ ಪ್ರಮಾಣಪತ್ರ, ಫೋಟೊ, ಸಹಿಯ ಸ್ಕ್ಯಾನ್ ಈಗಲೇ ಸಿದ್ಧವಿರಲಿ. ಪರಿಶಿಷ್ಟ ಜಾತಿ, ಪಂಗಡದವರಾದರೆ ಜಾತಿ ಪ್ರಮಾಣಪತ್ರವೂ ಬೇಕು. ಅವರಿಗೆ ಶುಲ್ಕ 2,500, ಇತರರಿಗೆ 3,500 ರೂಪಾಯಿ ಇತ್ತು. ಹೊಸ ಅಧಿಸೂಚನೆಯಲ್ಲಿ ಮೊತ್ತ ನೋಡಿಕೊಂಡೇ ಕಟ್ಟಿ.

ಅವಕಾಶ ತೆರೆದರೂ ಅವಸರದಲ್ಲಿ ಎಡವುವುದು ಹೆಸರಿನಲ್ಲಿ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇರುವುದು ಮಾಮೂಲು. ಅರ್ಜಿಯಲ್ಲಿ ನೋಂದಣಿ ಪ್ರಮಾಣಪತ್ರದಲ್ಲಿ ಇರುವ ಹಾಗೆಯೇ ಬರೆಯಿರಿ. ‘ಕೆಎಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆಯಲ್ಲಿ ಓರೆಗೆರೆ, ವರ್ಷ ಎರಡನ್ನೂ ಪ್ರಮಾಣಪತ್ರ ಎದುರಿಗಿಟ್ಟುಕೊಂಡು ತುಂಬಿ.

ಈ ಸಲ ತಪ್ಪಿದರೆ ಮುಂದಿನದು ಇದ್ದೇ ಇದೆ, ಎಷ್ಟು ಬಾರಿ ಬರೆಯಬಹುದೆಂಬ ಮಿತಿಯೂ ಇಲ್ಲ. ನಿಮಗೆ ನಿಜವಾಗಿ ಮುಖ್ಯವಾದ ಲೆಕ್ಕ ಬೇರೆ: ನೋಂದಣಿಯಾದ ದಿನದಿಂದ ಎರಡು ವರ್ಷದೊಳಗೆ ಪಾಸಾಗಬೇಕು. ಆಗದಿದ್ದರೆ ಪಾಸಾಗುವವರೆಗೆ ವಕಾಲತ್ತು ವಹಿಸುವಂತಿಲ್ಲ. ನಿಮ್ಮ ಪ್ರಮಾಣಪತ್ರದ ದಿನಾಂಕಕ್ಕೆ ಎರಡು ವರ್ಷ ಕೂಡಿ ಬರೆದಿಟ್ಟುಕೊಳ್ಳಿ, ಮುಂದಿನ ಪರೀಕ್ಷೆ ಅದರೊಳಗೆ ಬರುವುದೋ ಇಲ್ಲವೋ ಎಂಬುದರ ಮೇಲೆ ಕಣ್ಣಿಡಿ. ಈ ಪರೀಕ್ಷೆ ನಡೆಸುವ ಅಧಿಕಾರವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ 2023ರ ಫೆಬ್ರುವರಿಯಲ್ಲಿ ಎತ್ತಿಹಿಡಿದಿದೆ; ಪರೀಕ್ಷೆಯೇ ರದ್ದಾದೀತು ಎಂಬ ಆಸೆ ಬೇಡ.

ಪ್ರಶ್ನೆ: ಕೊನೆಯ ರಾತ್ರಿ ಶುಲ್ಕ ಕಟ್ಟಿದೆ. ಬ್ಯಾಂಕಿನಲ್ಲಿ ಹಣ ಕಡಿತವಾಗಿದೆ, ಅರ್ಜಿ ಮಾತ್ರ ಅಪೂರ್ಣ ಎಂದು ತೋರಿಸುತ್ತಿದೆ.
– ಓದುಗರು, ಗದಗ

ಉತ್ತರ: ಲಾಗಿನ್ ಐಡಿ ಸಿಕ್ಕಿದ್ದು, ಹಣ ಹೋದದ್ದು, ಅರ್ಜಿ ಸಲ್ಲಿಕೆಯಾದದ್ದು ಮೂರೂ ಬೇರೆ ಬೇರೆ. ಪಾವತಿ ದೃಢವಾಗಿ, ಅರ್ಜಿಯ ಪ್ರತಿ ಮುದ್ರಿಸಿಕೊಳ್ಳಲು ಸಿಕ್ಕಾಗಲೇ ಕೆಲಸ ಮುಗಿದಂತೆ. ಗಾಬರಿಯಲ್ಲಿ ತಕ್ಷಣ ಎರಡನೇ ಸಲ ಹಣ ಕಟ್ಟಬೇಡಿ. ವಿಫಲವಾದ ಪಾವತಿಯ ಹಣ ಖಾತೆಗೆ ಮರಳಿ ಬರಬಹುದು. ವಹಿವಾಟು ಸಂಖ್ಯೆ, ಸಮಯ ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಅರ್ಜಿಯ ಪರದೆಚಿತ್ರವನ್ನು ಇವತ್ತೇ ಸಹಾಯವಾಣಿಯ ಇಮೇಲ್‌ಗೆ ಕಳುಹಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಗಡುವಿನ ನಂತರ ಬರುವ ತಿದ್ದುಪಡಿ ಅವಧಿಯನ್ನು ನೆಚ್ಚಿಕೊಳ್ಳಬೇಡಿ, ಅದು ಸಲ್ಲಿಕೆಯಾದ ಅರ್ಜಿಗಳಲ್ಲಿನ ತಪ್ಪು ತಿದ್ದಲು ಮಾತ್ರ.