ತಿಳಿ ನೀರು ಅಂದ್ರೆ ಒಳ್ಳೇ ನೀರಾ?

ದಾವಣಗೆರೆಯ ಓದುಗರೊಬ್ರು ಬರ್ದಿದಾರೆ: ದಸರಾ ರಜೆಗೆ ಮಕ್ಕಳನ್ನ ಕರಾವಳಿಯ ಒಂದು ಬೀಚಿಗೆ ಕರ್ಕೊಂಡು ಹೋಗಿದ್ವಿ, ಮರಳಲ್ಲಿ ಒಂದು ಚೂರು ಕಸ ಇರ್ಲಿಲ್ಲ, ಹಿಂದಿನ ರಾತ್ರಿ ಜೋರು ಮಳೆಯಾಗಿದ್ರೂ ನೀರು ತಿಳಿಯಾಗಿತ್ತು, ಆದ್ರೂ ಊರಿಗೆ ಬಂದ್ಮೇಲೆ ಮಗಳಿಗೆ ಕಿವಿನೋವು, ಮಗನಿಗೆ ಭೇದಿ. ಜನ ಪ್ಲಾಸ್ಟಿಕ್ ಎಸೆಯೋದು ಬಿಟ್ರೆ ಸಮುದ್ರ ಸರಿಹೋಗುತ್ತೆ, ನಿಮ್ಮ ಪತ್ರಿಕೆಯೇ ಒಂದು ಸ್ವಚ್ಛತಾ ಅಭಿಯಾನ ಮಾಡ್ಬಾರ್ದಾ ಅಂತ ಕೇಳಿದಾರೆ.

ಸರ್, ಪ್ಲಾಸ್ಟಿಕ್ ಎತ್ಲೇಬೇಕು, ಒಪ್ಪಿದೆ. ಆದ್ರೆ ನೀವು ಎಷ್ಟು ಚೆನ್ನಾಗಿ ಗಮನಿಸಿ ಬರ್ದಿದೀರ ಅಂದ್ರೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕಸ ಇರ್ಲಿಲ್ಲ, ಮಳೆ ಬಂದಿತ್ತು. ಮಳೆ ಬಂದ ರಾತ್ರಿ ಊರಿನ ಚರಂಡಿ, ತೋಡು, ತುಂಬಿದ ಶೌಚದ ಗುಂಡಿ ಎಲ್ಲದರ ನೀರೂ ಹರ್ಕೊಂಡು ಅಳಿವೆಗೆ ಬರುತ್ತೆ, ಅದ್ರಲ್ಲಿರೋ ರೋಗಾಣು ಕಣ್ಣಿಗೆ ಕಾಣಲ್ಲ. ಭೇದಿಗೆ ಹೋಟೆಲ್ ಊಟನೂ ಕಾರಣ ಇರಬಹುದು, ಇಲ್ಲ ಅನ್ನಲ್ಲ, ಆದ್ರೆ ಯಾವ್ದು ಅಂತ ತಿಳ್ಕೊಳೋಕೆ ಆ ದಿನದ ನೀರಿನ ಪರೀಕ್ಷೆಯ ಲೆಕ್ಕ ನಿಮ್ಮ ಮುಂದೆ ಯಾರಾದ್ರೂ ಇಟ್ಟಿದ್ರಾ?

ನಮ್ಮ ದೇಶದಲ್ಲಿ ಮಾನದಂಡ ಇಲ್ದೇ ಇಲ್ಲ. ಸ್ನಾನ ಮಾಡೋ ಸಮುದ್ರದ ನೀರನ್ನ ಎಸ್‌ಡಬ್ಲ್ಯು-2 ಅಂತ ವಿಂಗಡಿಸಿ, 100 ಮಿಲಿ ನೀರಲ್ಲಿ ಮಲದಿಂದ ಬರೋ ಕೋಲಿಫಾರ್ಮ್ ಅನ್ನೋ ಬ್ಯಾಕ್ಟೀರಿಯಾ 100ರ ಒಳಗಿರ್ಬೇಕು ಅಂತ ಬರ್ದಿಟ್ಟಿದಾರೆ. ಉಪ್ಪುನೀರಲ್ಲಿ ಇದಕ್ಕಿಂತ ಹೆಚ್ಚು ದಿನ ಬದುಕೋ ಎಂಟರೊಕಾಕೈ ಅನ್ನೋ ಬ್ಯಾಕ್ಟೀರಿಯಾ ಎಣಿಸೋದು ಇನ್ನೂ ಒಳ್ಳೇದು, ಯುರೋಪಿನವರು ಎಣಿಸ್ತಾರೆ. ಆದ್ರೆ ಯಾವ್ದನ್ನೇ ಎಣಿಸಿದ್ರೂ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆದು ಕಾಣೋಕೆ ಸುಮಾರು ಒಂದು ದಿನ ಬೇಕು, ಅಂದ್ರೆ ಇವತ್ತು ಕೈಗೆ ಸಿಗೋದು ನಿನ್ನೆಯ ನೀರಿನ ಸುದ್ದಿ. ಅದಕ್ಕೇ ಬುದ್ಧಿವಂತ ಊರುಗಳು ಮಳೆ ನೋಡೇ ನಿರ್ಧಾರ ಮಾಡ್ತಾವೆ. ಪ್ಯಾರಿಸ್ ನೋಡಿ, 1923ರಿಂದ ಸೇನ್ ನದಿಯಲ್ಲಿ ಈಜು ನಿಷೇಧ ಇತ್ತು, ಒಲಿಂಪಿಕ್ಸಿಗೆ ಅಂತ ನೂರು ಕೋಟಿ ಯೂರೋ ದಾಟಿ ಖರ್ಚು ಮಾಡಿ ಶುದ್ಧ ಮಾಡಿದ್ರು, ಆದ್ರೂ 2024ರಲ್ಲಿ ಮಳೆಯಿಂದ ನೀರು ಕೆಟ್ಟಿದ್ದಕ್ಕೆ ಈಜು, ಸೈಕಲ್, ಓಟ ಮೂರೂ ಇರೋ ಪುರುಷರ ಟ್ರಯಾತ್ಲಾನನ್ನ ಒಂದು ದಿನ ಮುಂದೂಡಿದ್ರು. ಇಡೀ ಜಗತ್ತು ನೋಡ್ತಿರುವಾಗ "ಇವತ್ತು ಇಳೀಬೇಡಿ" ಅಂದ್ರಲ್ಲ, ನನಗೆ ಅದು ಪದಕಕ್ಕಿಂತ ದೊಡ್ಡದಾಗಿ ಕಂಡಿತು.

ನಮ್ಮಲ್ಲಿ 2020ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಬ್ಲೂ ಫ್ಲ್ಯಾಗ್ ಬಂತು, ಅಂದ್ರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ಅಂತಾರಾಷ್ಟ್ರೀಯ ಮಾನ್ಯತೆ. ಅದರ ಷರತ್ತಲ್ಲೇ ಇದೆ, ನೀರಿನ ಪರೀಕ್ಷೆಯ ಫಲಿತಾಂಶ ಬೀಚಲ್ಲೇ ಬೋರ್ಡಿಗೆ ಹಾಕ್ಬೇಕು ಅಂತ. ಆ ಬೋರ್ಡು ಪಣಂಬೂರಿಗೆ ಬೇಡ್ವಾ, ಮಲ್ಪೆಗೆ, ಗೋಕರ್ಣಕ್ಕೆ, ಕಾರವಾರಕ್ಕೆ ಬೇಡ್ವಾ? ನಾನೇ ಒಂದ್ಸಲ ಒಂದು ಬೀಚಿನ ಅಂಕಿ ಕೇಳ್ಕೊಂಡು ಒಂದು ಕಚೇರಿಗೆ ಮೂರು ಸಲ ಅಲೆದೆ, ಫೈಲು ಮೇಜಿನ ಮೇಲೇ ಇತ್ತು, ತೋರಿಸ್ಲಿಲ್ಲ. ಜನರ ದುಡ್ಡಲ್ಲಿ ಅಳೆದ ಲೆಕ್ಕ ಜನರಿಗೇ ಕೊಡದ ಈ ಚಾಳಿ ಬೀಚಿಂದಷ್ಟೇ ಅಲ್ಲ, ಕುಡಿಯೋ ನೀರು, ಕೆರೆ, ಗಾಳಿ ಎಲ್ಲದರಲ್ಲೂ ಇದೆ, ನನಗೆ ಹೊಟ್ಟೆ ಉರಿಯೋದು ಇದಕ್ಕೇ. ನೀವೂ ಸರ್, ಬೇಜಾರು ಮಾಡ್ಕೋಬೇಡಿ, ಐಸ್‌ಕ್ರೀಮಿನವನ ಹತ್ರ ರೇಟ್ ಕೇಳಿರ್ತೀರ, ಲೈಫ್‌ಗಾರ್ಡ್ ಹತ್ರ ನೀರು ಹೇಗಿದೆ ಅಂತ ಕೇಳಿದ್ರಾ?

ಅಭಿಯಾನ ಖಂಡಿತ ಮಾಡೋಣ, ಆದ್ರೆ ಬೋರ್ಡಿಗಾಗಿ. ಮುಂದಿನ ಸಲ ಜೋರು ಮಳೆ ಬಂದ್ರೆ ಮೂರು ದಿನ ನೀರಿಗಿಳೀಬೇಡಿ, ತೋಡು ಸಮುದ್ರ ಸೇರೋ ಜಾಗದಿಂದ ಮಕ್ಕಳನ್ನ ದೂರ ಇಡಿ. ಮಗಳ ಕಿವಿ ಈಗ ಹೇಗಿದೆ, ಬರೀರಿ.