ಪಿಎಚ್.ಡಿ. ಬಿಟ್ಟವರನ್ನು ಎಣಿಸುವುದು ಹೇಗೆ?

ಪ್ರಶ್ನೆ: ನಮ್ಮ ಕಾಲೇಜಿನ ಸಂಶೋಧನಾ ಕೇಂದ್ರದ ಉಸ್ತುವಾರಿ ಈ ವರ್ಷ ನನಗೆ ಬಂದಿದೆ. ಸದ್ಯ 46 ಜನ ಪಿಎಚ್.ಡಿ. ಮಾಡುತ್ತಿದ್ದಾರೆ. ಕಳೆದ ವರ್ಷ 4 ಜನರಿಗೆ ಪದವಿ ಸಿಕ್ಕಿತು. ‘ನೂರಕ್ಕೆ ಒಂಬತ್ತು ಜನವೂ ಮುಗಿಸುತ್ತಿಲ್ಲವಲ್ಲ’ ಎಂದು ಆಡಳಿತ ಮಂಡಳಿಯವರು ಕೇಳುತ್ತಿದ್ದಾರೆ. ಸರಿಯಾದ ಲೆಕ್ಕ ಇಡುವುದು ಹೇಗೆ ಸರ್?
– ಉಪನ್ಯಾಸಕಿ, ಹಾಸನ

ಉತ್ತರ: ಆ ಒಂಬತ್ತನ್ನು ದಯವಿಟ್ಟು ಯಾವ ವರದಿಯಲ್ಲೂ ಬರೆಯಬೇಡಿ ಮೇಡಂ. ನಿಮ್ಮ 46 ಜನರಲ್ಲಿ ಮೊನ್ನೆ ಮೊನ್ನೆ ಸೇರಿದವರೂ ಇರುತ್ತಾರೆ. ಕೋರ್ಸ್ ವರ್ಕ್, ಅಂದರೆ ಶುರುವಿನ ತರಗತಿ-ಪರೀಕ್ಷೆ ಕೂಡ ಮುಗಿಯದವರನ್ನು ಪದವಿ ಪಡೆಯದವರು ಎಂದು ಎಣಿಸುವುದು ಅನ್ಯಾಯ ಅಲ್ವಾ? ಹೊಸಬರು ಜಾಸ್ತಿ ಸೇರಿದಷ್ಟೂ ಈ ಲೆಕ್ಕದಲ್ಲಿ ಕೇಂದ್ರ ಕೆಟ್ಟದಾಗಿ ಕಾಣುತ್ತದೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2014-15ರಲ್ಲಿ ದೇಶದಲ್ಲಿ 1.17 ಲಕ್ಷ ಜನ ಪಿಎಚ್.ಡಿ. ಮಾಡುತ್ತಿದ್ದರು. 2021-22ಕ್ಕೆ ಅದು 2.12 ಲಕ್ಷವಾಯಿತು. ಇಷ್ಟು ಬೇಗ ಬೆಳೆದಾಗ ಪಟ್ಟಿಯ ತುಂಬ ಹೊಸಬರೇ ಇರುತ್ತಾರೆ.

ಬ್ಯಾಚ್ ಹಿಡಿದು ಎಣಿಸಿ. 2016ರಲ್ಲಿ ನೋಂದಣಿಯಾದವರ ಹೆಸರೆಲ್ಲ ಒಂದೇ ಪುಟದಲ್ಲಿ ಬರಲಿ. ಪ್ರತಿ ಹೆಸರಿನ ಮುಂದೆ ಇವತ್ತಿನ ಸ್ಥಿತಿ ಬರೆಯಿರಿ: ಪದವಿ ಆಯಿತು, ಥೀಸಿಸ್ (ಪ್ರಬಂಧ) ಕೊಟ್ಟು ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಕಾಯುತ್ತಿದ್ದಾರೆ, ಕೆಲಸ ನಡೆದಿದೆ, ಬೇರೆ ವಿಶ್ವವಿದ್ಯಾಲಯಕ್ಕೆ ಹೋದರು, ಬಿಟ್ಟರು. ಎಲ್ಲ ಕೂಡಿದರೆ ಸೇರಿದವರ ಸಂಖ್ಯೆಯೇ ಬರಬೇಕು. ಒಬ್ಬರು ಕಡಿಮೆ ಬಂದರೂ ಅವರು ಎಲ್ಲಿ ಎಂದು ಹುಡುಕಲೇಬೇಕು. ವಿಷಯವಾರು ಬೇರೆ ಬೇರೆ ನೋಡಿ. ಸ್ನಾತಕೋತ್ತರ ಶಿಕ್ಷಣ ಸಂಸ್ಥೆಗಳ ಒಕ್ಕೂಟವಾದ ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಹೀಗೆ ಬ್ಯಾಚ್ ಹಿಡಿದು ಎಣಿಸಿದಾಗ, ಹತ್ತು ವರ್ಷದೊಳಗೆ ಮುಗಿಸಿದವರು ನೂರಕ್ಕೆ ಸುಮಾರು 57 ಜನ. ಎಂಜಿನಿಯರಿಂಗ್‌ನಲ್ಲಿ 64, ಭಾಷೆ, ಇತಿಹಾಸ, ತತ್ವಶಾಸ್ತ್ರದಂಥ ಮಾನವಿಕ ವಿಷಯಗಳಲ್ಲಿ 49.

ಕಷ್ಟ ಇರುವುದು ಬಿಟ್ಟವರ ಲೆಕ್ಕದಲ್ಲಿ. ನನ್ನ ನೌಕರಿಯ ಬಹುಪಾಲು ಒಂದು ವಿಶ್ವವಿದ್ಯಾಲಯದ ಪಿಎಚ್.ಡಿ. ವಿಭಾಗದಲ್ಲೇ ಕಳೆಯಿತು. ಬಿಡುತ್ತೇನೆ ಎಂದು ಅರ್ಜಿ ಕೊಟ್ಟು ಹೋದವರು ತೀರಾ ಕಡಿಮೆ. ಮೊದಲು ಆರು ತಿಂಗಳ ಪ್ರಗತಿ ವರದಿ ನಿಲ್ಲುತ್ತದೆ. ಆಮೇಲೆ ಫೀ. ಫೈಲು ಮಾತ್ರ ಚಾಲ್ತಿ ಬೀರುವಿನಲ್ಲೇ ಕೂತಿರುತ್ತದೆ. ಒಬ್ಬ ವಿದ್ಯಾರ್ಥಿಗೆ ಬಾಕಿ ಫೀ ನೋಟಿಸ್ ಹೋದಾಗ ಅವರ ಅಣ್ಣ ಕಚೇರಿಗೆ ಬಂದರು. ತಮ್ಮ ತೀರಿಕೊಂಡು ವರ್ಷ ದಾಟಿತ್ತು. ಅಲ್ಲಿಯವರೆಗೂ ನಮ್ಮ ಪಟ್ಟಿಯಲ್ಲಿ ಅವರು ‘ಸಂಶೋಧನೆ ನಡೆಸುತ್ತಿರುವವರು’. ಯಾರೂ ಒಂದು ಫೋನ್ ಮಾಡಿರಲಿಲ್ಲ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಒಂದು ಪ್ರಗತಿ ವರದಿ ತಪ್ಪಿದ ಕೂಡಲೇ ಫೋನ್ ಮಾಡಿ. ನೋಟಿಸ್ ಆಮೇಲೆ. ಮಾತಾಡುವವರು ಗೈಡ್ ಆಗಿರಬಾರದು. ಗೈಡ್ ಜೊತೆಗೇ ತೊಂದರೆ ಇದ್ದರೆ ವಿದ್ಯಾರ್ಥಿ ಬಾಯಿ ಬಿಡುವುದಿಲ್ಲ. ಫೆಲೋಶಿಪ್ ನಿಂತಿತು, ಕೆಲಸ ಸಿಕ್ಕಿತು, ಗೈಡ್ ನಿವೃತ್ತರಾದರು, ಮನೆಯಲ್ಲಿ ಕಾಯಿಲೆ – ಏನೇ ಇರಲಿ, ಸುಮ್ನೆ ‘ವೈಯಕ್ತಿಕ ಕಾರಣ’ ಎಂದು ಬರೆಯದೆ ಅವರ ಮಾತಲ್ಲೇ ಬರೆದುಕೊಳ್ಳಿ. ಎಷ್ಟನೇ ವರ್ಷದಲ್ಲಿ ಬಿಟ್ಟರು ಎಂಬುದೂ ಬೇಕು. ಕೋರ್ಸ್ ವರ್ಕ್‌ನಲ್ಲೇ ಹೋದವರದು ಒಂದು ಕಥೆ. ಅಧ್ಯಾಯಗಳನ್ನೆಲ್ಲ ಬರೆದು ಐದನೇ ವರ್ಷ ಹೋದವರದು ಬೇರೆಯೇ ಕಥೆ, ಅವರಲ್ಲಿ ಕೆಲವರನ್ನಾದರೂ ವಾಪಸ್ ಕರೆತರಬಹುದು.

ಪ್ರಶ್ನೆ: ಮಗು ಹುಟ್ಟಿದ ಮೇಲೆ ಒಂದು ವರ್ಷದಿಂದ ವಿಭಾಗಕ್ಕೆ ಹೋಗಿಲ್ಲ. ನಾನು ಪಿಎಚ್.ಡಿ. ಬಿಟ್ಟ ಹಾಗೆಯೇ?
– ಓದುಗರು, ಧಾರವಾಡ

ಉತ್ತರ: ಇಲ್ಲಮ್ಮ. ನೋಂದಣಿ ರದ್ದಾಗುವವರೆಗೆ ನೀವು ವಿದ್ಯಾರ್ಥಿನಿಯೇ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಮುಗಿಸುವ ಗಡುವಿನಲ್ಲೂ ಮಹಿಳೆಯರಿಗೆ ಎರಡು ವರ್ಷ ಹೆಚ್ಚು ಕೊಡಬಹುದು. ಬಾಕಿ ಫೀ ಕಟ್ಟಿ, ಆಸ್ಪತ್ರೆಯ ಕಾಗದ ಸೇರಿಸಿ, ಗೈಡ್ ಮೂಲಕ ಈ ವಾರವೇ ಅರ್ಜಿ ಕೊಡಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.