ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿಣುಕುವ ಹಳೇ ಪಿಕಪ್: ವೈರಿಂಗ್ ಪೂರ್ತಿ ಬದಲಿಸಬೇಕಾ, ಮಾರಿಬಿಡಬೇಕಾ?

ಹಳೇ ಪಿಕಪ್‌ಗೆ ಮೂರು ಕಂಪ್ಲೇಂಟ್, ಮೀಟರ್ ಇಟ್ಟರೆ ಎಲ್ಲಾ ಕಡೆ 12.6 ವೋಲ್ಟ್ ಬರುತ್ತಿದೆ, ಮೆಕ್ಯಾನಿಕ್ ಪೂರ್ತಿ ವೈರಿಂಗ್ ಬದಲಿಸಿ ಅನ್ನುತ್ತಾನೆ, ಬದಲಿಸಲಾ ಮಾರಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇಂಡಿಕೇಟರ್ ಜೊತೆ ಬ್ರೇಕ್ ಲೈಟ್ ಮಿಣುಕುವುದು, ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಏರುವುದು, ಮಳೆ ಬಂದ ಬೆಳಗ್ಗೆ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್) ಮುಲುಗುವುದು. ಇದಕ್ಕೆ ನೀವು ಮೂರು ಕಂಪ್ಲೇಂಟ್ ಅಂತ ಹೆಸರಿಟ್ಟಿದ್ದೀರಿ. ನಾನೂ ಹಾಗೇ ಲೆಕ್ಕ ಹಾಕಿದ್ದೆ. ಆ ಲೆಕ್ಕ ನನಗೆ ಒಂದು ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಒಂದು ಡೈನಮೋ ಮತ್ತು ಒಂದು ಲೋಡ್ ಬೂತಾಯಿ ಮೀನಿನ ಖರ್ಚು ತಂದಿತು.

ನನ್ನದು ಹಳೇ ಡೀಸೆಲ್ ಪಿಕಪ್. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಮೆಕ್ಯಾನಿಕಲ್ ಪಂಪು, ಕಾಲಡಿಯಿಂದ ಪಂಪಿನವರೆಗೆ ಆಕ್ಸಿಲರೇಟರ್ ಕೇಬಲ್. ಮಲ್ಪೆ ಬಂದರಿನಲ್ಲಿ ಲೋಡ್ ಮಾಡಿಕೊಂಡು ಹೆಬ್ರಿ, ಸೋಮೇಶ್ವರ ದಾಟಿ, ಆಗುಂಬೆ ಘಾಟಿ ಹತ್ತಿ, ಬೆಳಗಾಗುವುದರೊಳಗೆ ತೀರ್ಥಹಳ್ಳಿಗೆ ಮೀನು ಮುಟ್ಟಿಸುವುದು ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆಗ ಗಾಡಿ ಅಂಗಳದಲ್ಲೇ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೆಲಸ ಮುಗಿಸಿಕೊಳ್ಳುವುದೂ ಆಗಲೇ. ಆ ವರ್ಷ ತುಕ್ಕು ಕೆರೆಸಿ ಇಡೀ ಚಾಸಿಸ್‌ಗೆ ಕಪ್ಪು ಪೇಂಟ್ ಹೊಡೆಸಿದೆ. ಹೊಸ ಗಾಡಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಈ ಪೇಂಟಿನ ವಿಷಯ ನೆನಪಿಟ್ಟುಕೊಳ್ಳಿ.

ಆಗಸ್ಟಿನಲ್ಲಿ ಲೋಡ್ ಶುರುವಾದ ಮೇಲೆ ಹೆಡ್‌ಲೈಟ್ ಮಂದ ಅನಿಸಿತು. ಆಮೇಲೆ ಬೆಳಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಒಂದು ಸುತ್ತು ಸುತ್ತಿ ನಿಲ್ಲುತ್ತಿತ್ತು. ಬ್ಯಾಟರಿ ಹೋಯಿತು ಅಂದುಕೊಂಡು ಹೊಸದು ಹಾಕಿಸಿದೆ. ಕೆಲವು ದಿನ ಚೆನ್ನಾಗಿತ್ತು, ಮತ್ತೆ ಅದೇ ರಾಗ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 13.3 ವೋಲ್ಟ್. ಸಾಮಾನ್ಯವಾಗಿ 13.8ರಿಂದ 14.4ರೊಳಗೆ ಬರಬೇಕು. ಸರಿ, ಡೈನಮೋ ವೀಕು ಅಂತ ಅದನ್ನೂ ಬದಲಿಸಿದೆ. ಹೊಸ ಡೈನಮೋದಲ್ಲೂ 13.3! ಅಂಗಡಿಯವನಿಗೆ ಬೈದು ಬಂದೆ. ಪಾಪ, ಅವನ ಡೈನಮೋ ಸರಿಯಾಗೇ ಇತ್ತು.

ಇದರ ನಡುವೆ ಆಕ್ಸಿಲರೇಟರ್ ಬಿಗಿಯಾಗತೊಡಗಿತು. ಕಾಲು ಎತ್ತಿದರೂ ಪೆಡಲ್ ಮೇಲೆ ಬರುವುದು ನಿಧಾನ. ಕೇಬಲ್ ಬದಲಿಸಿದೆ, ಅದೂ ಹಾಗೇ ಆಯಿತು. ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತಿದೆ ಅಂತ ಎಣ್ಣೆ ಬಿಟ್ಟುಕೊಂಡು ಓಡಿಸಿದೆ. ಕರೆಂಟಿಗೂ ಇದಕ್ಕೂ ಸಂಬಂಧ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ ಹೇಳಿ?

ಒಂದು ರಾತ್ರಿ ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಮತ್ತೆ ಕೀ ತಿರುಗಿಸಿದರೆ 'ಟಕ್' ಅಷ್ಟೇ. ಜೋರು ಮಳೆ, ಮುಂದೆ ಘಾಟಿಯ 14 ತಿರುವು, ಹಿಂದೆ ಲೋಡ್ ತುಂಬ ಬೂತಾಯಿ. ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ಆ ಭಾರಕ್ಕೆ ಗಾಡಿ ಅಲ್ಲಾಡಲೂ ಇಲ್ಲ. ಬಂಗುಡೆ ಮೀನು ಆಗಿದ್ದರೆ ಸ್ವಲ್ಪ ತಡೆದುಕೊಳ್ಳುತ್ತಿತ್ತೋ ಏನೋ. ಬೂತಾಯಿಗೆ ಐಸ್ ಕರಗಿದರೆ ಆಯಿತು, ಹೊಟ್ಟೆ ಒಡೆಯಲು ಶುರು. ಬೆಳಗ್ಗೆ ಪೆಟ್ಟಿಗೆ ತೆರೆದಾಗ ಮೇಲಿನ ಸಾಲಿನ ಮೀನೆಲ್ಲ ಹೊಟ್ಟೆ ಬಿರಿದು ಕೆಂಪು ನೀರು ಇಳಿಯುತ್ತಿತ್ತು. ಮೀನು ಕೊಳ್ಳುವ ಪಾರ್ಟಿ ಬೇಡ ಅಂದರು. ಕೊನೆಗೆ ಅದು ಹೆಬ್ರಿ ಕಡೆಯ ಒಂದು ಅಡಿಕೆ ತೋಟದ ಬುಡಕ್ಕೆ ಗೊಬ್ಬರ ಆಯಿತು.

ಗಾಡಿಯನ್ನು ಎಳೆಸಿಕೊಂಡು ಉಡುಪಿಗೆ ತಂದ ಮೇಲೆ ಒಬ್ಬರು ಹಿರಿಯ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರ ಕೈಯಲ್ಲಿ ಮೀಟರ್ ಕೂಡ ಇರಲಿಲ್ಲ. ಇದ್ದದ್ದು ಹಳೇ ಬ್ರೇಕ್ ಲೈಟಿನ ಹೋಲ್ಡರ್, ಅದರಲ್ಲಿ ಒಂದು ಬಲ್ಬು, ಎರಡು ಉದ್ದ ವೈರು. ನನಗೆ ಸೆಲ್ಫ್ ಹೊಡೆಯಲು ಹೇಳಿ ತಾವು ಬಾನೆಟ್ ಒಳಗೆ ಬಗ್ಗಿ ನೋಡಿದರು. ಆಮೇಲೆ ಕರೆದು, "ಆ ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡು ಮಾರಾಯ" ಅಂದರು.

ಮುಟ್ಟಿ ಕೈ ಹಿಂದೆ ಎಳೆದುಕೊಂಡೆ. ಸುಡುತ್ತಿತ್ತು. ಹೊರಗಿನ ಪ್ಲಾಸ್ಟಿಕ್ ಒಂದು ಕಡೆ ಮೆತ್ತಗಾಗಿ ಒಳಗಿನ ತಂತಿಗೆ ಅಂಟಿಕೊಂಡಿತ್ತು.

"ಅಣ್ಣಾ, ಇದು ಬರೀ ಕೇಬಲ್ ಅಲ್ವಾ? ಇದಕ್ಕೆಂತ ಬಿಸಿ?"

"ಸೆಲ್ಫಿನ ಕರೆಂಟಿಗೆ ವಾಪಸ್ ಹೋಗಲಿಕ್ಕೆ ಬೇರೆ ದಾರಿ ಇಲ್ಲ. ಪಾಪ, ಇದರಲ್ಲಿ ಹೋಗ್ತಾ ಉಂಟು. ನಿನ್ನ ಅರ್ಥ್ ಎಲ್ಲಿ ಉಂಟು?"

ಅರ್ಥ್ ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ಹಿಂತಿರುಗುವ ದಾರಿ. ಅವರು ಕೇಳಿದ್ದು ಎಂಜಿನ್ನಿನಿಂದ ಚಾಸಿಸ್‌ಗೆ ಬರುವ ಪಟ್ಟಿ. ತಾಮ್ರದ ಎಳೆಗಳನ್ನು ಹೆಣೆದು ಮಾಡಿದ್ದು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ಹಾಗಾಗಿ ಈ ಪಟ್ಟಿ ಇಲ್ಲದಿದ್ದರೆ ಎಂಜಿನ್ನಿಗೂ ಚಾಸಿಸ್‌ಗೂ ಸರಿಯಾದ ಕರೆಂಟ್ ಸಂಬಂಧವೇ ಇಲ್ಲ. ನನ್ನ ಗಾಡಿಯಲ್ಲಿ ಬ್ಯಾಟರಿಯ ಮೈನಸ್ ಚಾಸಿಸ್‌ಗೆ ಬಿಗಿದಿದೆ. ಸೆಲ್ಫ್, ಡೈನಮೋ ಎರಡೂ ಎಂಜಿನ್ ಮೇಲೆ. ಎಲ್ಲದರ ಕರೆಂಟೂ ಆ ಒಂದು ಪಟ್ಟಿಯ ಮೇಲೇ ಬ್ಯಾಟರಿಗೆ ಹಿಂತಿರುಗಬೇಕು. ಪೇಂಟ್ ಹೊಡೆಯಲು ಬಿಚ್ಚಿದವರು ಅದನ್ನು ಹೊಸ ಪೇಂಟಿನ ಮೇಲೇ ಕೂರಿಸಿ ಬಿಗಿದಿದ್ದರು! ಬೋಲ್ಟಿನ ಥ್ರೆಡ್ಡಿನಲ್ಲಿ ಎಷ್ಟು ತಾಗುತ್ತಿತ್ತೋ ಅಷ್ಟೇ. ಅಲ್ಲಿಗೆ ಮೀನಿನ ನೀರು, ಉಪ್ಪು, ಐಸ್ ಕರಗಿದ್ದು ಎಲ್ಲ ಇಳಿದಿತ್ತು. ಬೋಲ್ಟ್ ತೆಗೆದಾಗ ಪಟ್ಟಿಯ ತುದಿಯ ಲಗ್ಗಿನ (ಬೋಲ್ಟ್ ತೂರುವ ಬಿಲ್ಲೆ) ಅಡಿ ಪೂರ್ತಿ ಹಸಿರು ಕಿಲುಬು. ಹೊರಗಿಂದ ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಪಟ್ಟಿ, ಎಳೆದರೆ ಕೈಯಲ್ಲೇ ಬಂತು. ಒಳಗೆ ಉಳಿದಿದ್ದು ಕೆಲವೇ ಎಳೆ.

ಇಷ್ಟು ದಿನ ನನಗೆ ಯಾಕೆ ಸಿಗಲಿಲ್ಲ? ನನ್ನ ಹತ್ತಿರ ಮಲ್ಟಿಮೀಟರ್ ಇತ್ತು, ಅಳೆಯಲೂ ಬರುತ್ತಿತ್ತು. ತಪ್ಪಿದ್ದು ಮೀಟರಿನ ಕಪ್ಪು ಪ್ರೋಬಿನಲ್ಲಿ, ಅಂದರೆ ಮುಟ್ಟಿಸಿ ಅಳೆಯುವ ಕಪ್ಪು ಕಡ್ಡಿಯಲ್ಲಿ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ನೀವೂ ಅದನ್ನೇ ಮಾಡುತ್ತಿದ್ದೀರಿ ಅಂತ ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತದೆ. 'ಎಲ್ಲಾ ಕಡೆ 12.6 ಬರ್ತಿದೆ' ಅಂತ ಬರೆದಿದ್ದೀರಲ್ಲ, ಅಲ್ಲೇ.

ನಾನು ಕಪ್ಪು ಪ್ರೋಬನ್ನು ಬ್ಯಾಟರಿಯ ಮೈನಸ್‌ಗೆ ಕ್ಲಿಪ್ ಹಾಕಿ ಬಿಟ್ಟುಬಿಡುತ್ತಿದ್ದೆ. ಕೆಂಪು ಪ್ರೋಬ್ ಹಿಡಿದು ಗಾಡಿಯೆಲ್ಲ ಸುತ್ತುತ್ತಿದ್ದೆ. ಸೆಲ್ಫಿನ ಟರ್ಮಿನಲ್: ಸರಿ. ಫ್ಯೂಸ್ ಬಾಕ್ಸ್: ಸರಿ. ಹಿಂದಿನ ಲೈಟಿನ ವೈರು: ಸರಿ. ಆದರೆ ಹೀಗೆ ಅಳೆದರೆ ಕರೆಂಟ್ ಹೋಗುವ ದಾರಿಯನ್ನು ಮಾತ್ರ ನೋಡಿದ ಹಾಗಾಯಿತು. ಹಿಂತಿರುಗುವ ದಾರಿಯನ್ನು ಕಪ್ಪು ಪ್ರೋಬೇ ದಾಟಿ ಹಾರಿಬಿಟ್ಟಿರುತ್ತದೆ. ಸೆಲ್ಫ್ ಮೋಟರಿಗೆ ಸಿಗುವುದು ತನ್ನ ಟರ್ಮಿನಲ್ಲಿಗೂ ತನ್ನದೇ ಬಾಡಿಗೂ ನಡುವಿನ ವೋಲ್ಟ್. ಆ ಬಾಡಿ ಬ್ಯಾಟರಿ ಮೈನಸ್‌ಗೆ ಸರಿಯಾಗಿ ಸೇರಿಲ್ಲದಿದ್ದರೆ ಟರ್ಮಿನಲ್ಲಿಗೆ ಎಷ್ಟು ಬಂದರೆ ಏನು? ಮೀನು ಹೇರಿಕೊಂಡು ಘಾಟಿ ಹತ್ತಿದ ಗಾಡಿ ಖಾಲಿ ಪೆಟ್ಟಿಗೆ ತೆಗೆದುಕೊಂಡು ಇಳಿದು ಬರದಿದ್ದರೆ ಮರುದಿನದ ಲೋಡ್ ಹೋಗುವುದೇ ಇಲ್ಲ ಅಲ್ವಾ, ಹಾಗೆ.

ಡೈನಮೋ ಕಥೆಯೂ ಇದೇ. ಕಪ್ಪು ಪ್ರೋಬನ್ನು ಡೈನಮೋ ಬಾಡಿಗೆ ಮುಟ್ಟಿಸಿ, ಕೆಂಪನ್ನು ಅದರ ದಪ್ಪ ಟರ್ಮಿನಲ್ಲಿಗೆ ಇಟ್ಟಿದ್ದರೆ 14.2 ತೋರಿಸುತ್ತಿತ್ತು. ಆಮೇಲೆ ಇಟ್ಟು ನೋಡಿದೆ, ಅಷ್ಟೇ ಇತ್ತು. ನಡುವಿನ ಸುಮಾರು 1 ವೋಲ್ಟನ್ನು ಆ ಕೊಳೆತ ಪಟ್ಟಿ ತಿನ್ನುತ್ತಿತ್ತು. ಬ್ಯಾಟರಿಗೆ ಸಿಗುತ್ತಿದ್ದುದು ಉಳಿದದ್ದು. ಹಾಗಾಗಿ ಹೊಸ ಬ್ಯಾಟರಿಯೂ ಅರೆಹೊಟ್ಟೆಯಲ್ಲೇ ಇತ್ತು.

ಇನ್ನೊಂದು ಸುಳಿವು ಕಣ್ಣೆದುರಿಗೇ ಇತ್ತು. ಡೀಸೆಲ್ ಎಂಜಿನ್ನಿನ ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತದೆ. ಆಗ ಒಳ್ಳೇ ಬ್ಯಾಟರಿ ಕೂಡ 10ರ ಆಸುಪಾಸಿಗೆ ಇಳಿಯುತ್ತದೆ. ನನ್ನದು ಸೆಲ್ಫ್ ಮುಲುಗುವಾಗಲೂ 12ರ ಹತ್ತಿರ ನಿಂತಿರುತ್ತಿತ್ತು. ನಾನೋ, ಬ್ಯಾಟರಿ ಎಷ್ಟು ಗಟ್ಟಿ ಇದೆ ಅಂತ ಖುಷಿಪಟ್ಟೆ. ಬ್ಯಾಟರಿ ಇಳಿಯಲಿಲ್ಲ ಅಂದರೆ ಅದರಿಂದ ಬೇಕಾದಷ್ಟು ಕರೆಂಟ್ ಹೋಗಲೇ ಇಲ್ಲ ಅಂತ ಅರ್ಥ.

ಮತ್ತೆ, ಲೈಟು, ಸೆಲ್ಫ್ ಯಾವುದೂ ಕರೆಂಟ್ ಎಳೆಯದೆ ಇರುವಾಗ ಅಳೆದ 12.6ಕ್ಕೆ ಮರ್ಯಾದೆ ಕೊಡಬೇಡಿ. ಒಂದೇ ಒಂದು ಎಳೆ ಉಳಿದ ವೈರಿನ ತುದಿಯಲ್ಲೂ ಮೀಟರ್ 12.6 ತೋರಿಸುತ್ತದೆ, ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಆ ಹಿರಿಯರ 21 ವ್ಯಾಟಿನ ಬಲ್ಬು ಹಾಗಲ್ಲ, ಸುಮಾರು ಒಂದೂಮುಕ್ಕಾಲು ಆಂಪಿಯರ್ ಕೇಳುತ್ತದೆ. ವೈರ್ ಸುಳ್ಳು ಹೇಳಿದರೆ ಬಲ್ಬು ಮಂಕಾಗುತ್ತದೆ.

ಈಗ ನಿಮ್ಮ ಗಾಡಿ. ಗ್ಯಾರೇಜಿಗೆ ಹೋಗುವ ಮುಂಚೆ ಒಂದು ಜಂಪರ್ ಕೇಬಲ್ ಸಾಲ ತನ್ನಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಪೇಂಟ್ ಇಲ್ಲದ ಲೋಹಕ್ಕೆ. ಬೆಲ್ಟು, ಫ್ಯಾನಿನಿಂದ ದೂರ ಇರಲಿ. ಸೆಲ್ಫ್ ಹೊಡೆಯಿರಿ. ಗಿರ್ರನೆ ತಿರುಗಿದರೆ ನಿಮ್ಮ ಕಾಯಿಲೆ ನನ್ನದೇ. ಮೀಟರಿನಲ್ಲೇ ನೋಡಬೇಕು ಅಂದರೆ ಜಂಪರ್ ತೆಗೆದು, ಕಪ್ಪು ಪ್ರೋಬ್ ಬ್ಯಾಟರಿ ಮೈನಸ್‌ಗೆ, ಕೆಂಪು ಎಂಜಿನ್ ಬ್ಲಾಕಿಗೆ ಇಟ್ಟು ಯಾರಾದರೂ ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿನೊಳಗೆ ಇರಬೇಕು. ನನ್ನದರಲ್ಲಿ 3 ದಾಟಿತ್ತು.

ಜಂಪರಿನಿಂದ ಸೆಲ್ಫ್ ಸರಿಯಾದರೂ ಹಿಂದಿನ ಲೈಟ್ ಸರಿಯಾಗದೆ ಇರಬಹುದು, ಗಾಬರಿ ಬೇಡ. ಅದರ ಅರ್ಥ್ ಬೇರೆ ಜಾಗದಲ್ಲಿದೆ, ಸಾಮಾನ್ಯವಾಗಿ ಲೈಟಿನ ಬ್ರಾಕೆಟ್ ಹತ್ತಿರ. ಅಲ್ಲಿ ಅರ್ಥ್ ಹೋದರೆ ಇಂಡಿಕೇಟರ್ ಬಲ್ಬಿನ ಕರೆಂಟ್ ಹೊರಗೆ ಹೋಗಲು ಪಕ್ಕದ ಬ್ರೇಕ್ ಲೈಟಿನ ಫಿಲಮೆಂಟಿಗೆ ಹಿಂದಿನಿಂದ ನುಗ್ಗುತ್ತದೆ. ಅಲ್ಲಿಂದ ಆಚೆ ಬದಿಯ ಬಲ್ಬಿನ ಮೂಲಕ ಅರ್ಥ್ ಹುಡುಕಿಕೊಳ್ಳುತ್ತದೆ. ನಿಮಗೆ ದೆವ್ವದ ಹಾಗೆ ಕಂಡ ಮಿಣುಕು ಅದೇ. ಸ್ಟಿಯರಿಂಗ್ ಎದುರಿನ ಮೀಟರ್ ಬೋರ್ಡಿನ ಅರ್ಥ್ ಸಡಿಲ ಇದ್ದರೆ ಮುಳ್ಳು ಏರುವುದೂ ಹೀಗೇ, ಬೋರ್ಡಿನ ಲೈಟಿನ ಕರೆಂಟ್ ಮುಳ್ಳಿನ ದಾರಿ ಹಿಡಿಯುತ್ತದೆ. ಎಂಜಿನ್ ಬಿಸಿಯಾಗಿಯೇ ಇಲ್ಲ. ಆದರೂ ಒಮ್ಮೆ ರೇಡಿಯೇಟರ್ ನೀರು ನೋಡಿಬಿಡಿ, ಅದಕ್ಕೇನು ದುಡ್ಡಿಲ್ಲ.

ಪೂರ್ತಿ ವೈರಿಂಗ್ ಬದಲಿಸಿ ಅಂತ ಹೇಳಿದ ಮೆಕ್ಯಾನಿಕ್‌ನನ್ನು ಒಂದು ಪ್ರಶ್ನೆ ಕೇಳಿ: ಹೊಸ ವೈರಿಂಗಿನ ಅರ್ಥ್ ಯಾವ ಬೋಲ್ಟಿಗೆ ಬಿಗಿಯುತ್ತೀರಿ? ಅದೇ ತುಕ್ಕಿನ ಬೋಲ್ಟಿಗೆ ತಾನೇ. ದುಡ್ಡು ಹೋಗುತ್ತದೆ, ಮಿಣುಕು ಉಳಿಯುತ್ತದೆ. ಹಳೇ ಗಾಡಿಯ ಮೂಲ ವೈರಿಂಗ್ ಸುಟ್ಟಿಲ್ಲ, ಇಲಿ ಕಡಿದಿಲ್ಲ ಅಂದರೆ ಅದನ್ನು ಮುಟ್ಟಬಾರದು ಅನ್ನುವವನು ನಾನು. ಯಾರೋ ಆಮೇಲೆ ಹಾಕಿದ ಏರ್ ಹಾರ್ನು, ಸ್ಪೀಕರು, ಕ್ಯಾಬಿನ್ನಿನ ಬಣ್ಣದ ಲೈಟಿನ ಜಾಯಿಂಟುಗಳನ್ನು ಮಾತ್ರ ಧೈರ್ಯವಾಗಿ ಕಿತ್ತು ಹಾಕಿ. ಫ್ಯೂಸ್ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸಿಕ್ಕರೂ ಆಶ್ಚರ್ಯಪಡಬೇಡಿ, ತೆಗೆದು ಸರಿಯಾದ ಫ್ಯೂಸ್ ಹಾಕಿ. ಚಪ್ಪಟೆ ಬ್ಲೇಡ್ ಫ್ಯೂಸಾದರೆ ಕೆಂಪು 10, ನೀಲಿ 15, ಹಳದಿ 20 ಆಂಪಿಯರ್.

ಪಟ್ಟಿ ಬದಲಿಸುವಾಗ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಪಾರ್ಟ್ಸ್ ಅಂಗಡಿಯಲ್ಲಿ ತೆಳ್ಳಗಿನ ಪಟ್ಟಿ ಕೊಟ್ಟರೆ ಬೇಡ ಅನ್ನಿ, ಬ್ಯಾಟರಿ ಕೇಬಲ್ಲಿನಷ್ಟಾದರೂ ದಪ್ಪ ಇರಬೇಕು. ಬೋಲ್ಟ್ ಕೂರುವ ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಬಿಳಿ ಲೋಹ ಕಾಣುವವರೆಗೆ ಉಜ್ಜಿ. ಎರಡೂ ತುದಿ, ಚಾಸಿಸ್ ಕಡೆ ಒಂದೇ ಅಲ್ಲ. ಬಿಗಿದಾದ ಮೇಲೆ ಹೊರಗಿನಿಂದ ದಪ್ಪ ವ್ಯಾಸಲಿನ್ ಬಳಿಯಿರಿ, ಉಪ್ಪು ನೀರು ಒಳಗೆ ಇಳಿಯದ ಹಾಗೆ. ಕ್ಯಾಬಿನ್ನಿನಿಂದ ಚಾಸಿಸ್‌ಗೂ ಇಂಥದೇ ಒಂದು ಪಟ್ಟಿ ಇರುತ್ತದೆ. ಕ್ಯಾಬಿನ್ನೂ ರಬ್ಬರ್ ಮೇಲೇ ಕೂತಿರುವುದರಿಂದ ಅದನ್ನೂ ಬಿಚ್ಚಿ ನೋಡಿ. ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಬಿಗಿ ಇದ್ದರೆ ಅದನ್ನು ಪಟ್ಟಿ ಹಾಕಿದ ಮೇಲೆ ಬದಲಿಸಿ, ಮುಂಚೆ ಅಲ್ಲ. ನಾನು ಮುಂಚೆ ಬದಲಿಸಿದ್ದೆಲ್ಲ ಸುಟ್ಟು ಗುಜರಿಗೆ ಹೋಯಿತು.

ಜಂಪರ್ ಇಟ್ಟರೂ ಸೆಲ್ಫ್ ಮುಲುಗಿದರೆ ಆಗ ಬ್ಯಾಟರಿಯ ಮೇಲೇ ಮೀಟರ್ ಇಟ್ಟು ಸೆಲ್ಫ್ ಹೊಡೆಯಿರಿ. 9ರ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಟೆಸ್ಟ್ ಮಾಡಿಸಿ. ಬೀಳದೆ ಮೇಲೆಯೇ ನಿಂತರೆ ಬ್ಯಾಟರಿ ಟರ್ಮಿನಲ್, ದಪ್ಪ ಕೆಂಪು ಕೇಬಲ್ಲಿನ ಎರಡೂ ತುದಿ, ಅದಾದ ಮೇಲೆ ಸೆಲ್ಫಿನ ಬ್ರಷ್. ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಗ್ಗೆ ಖಾಲಿ ಆಗುತ್ತಿದ್ದರೆ ಅದು ಬೇರೆಯೇ ವಿಷಯ, ಎಲ್ಲೋ ಕರೆಂಟ್ ಸೋರುತ್ತಿದೆ. ಎಲ್ಲಾ ಆಫ್ ಮಾಡಿ ಮೀಟರನ್ನು ಆಂಪಿಯರ್‌ಗೆ ಹಾಕಿ ಮೈನಸ್ ಕೇಬಲ್ ಬಿಚ್ಚಿ ಅದಕ್ಕೂ ಬ್ಯಾಟರಿ ಮೈನಸ್‌ಗೂ ನಡುವೆ ಇಟ್ಟರೆ 50 ಮಿಲಿ ಆಂಪಿಯರ್ ಒಳಗೆ ಇರಬೇಕು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಎಳೆಯಿರಿ. ಯಾವುದು ಎಳೆದರೂ ಇಳಿಯದಿದ್ದರೆ ಡೈನಮೋ ಡಯೋಡ್ ಮೇಲೆ ಅನುಮಾನಪಡಿ. ಮೀಟರ್ ಹಾಗೆ ಇಟ್ಟುಕೊಂಡು ಮಾತ್ರ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸೇ ಹಾರುತ್ತದೆ.

ಎಫ್‌ಸಿಗೆ ಅಂತ ಇತ್ತೀಚೆಗೆ ಚಾಸಿಸ್ ಪೇಂಟ್ ಮಾಡಿಸಿದ್ದೀರಾ, ಅದನ್ನು ನೀವು ಬರೆದಿಲ್ಲ. ಮಾಡಿಸಿದ್ದರೆ ಜಂಪರ್ ಕೂಡ ಹುಡುಕಬೇಡಿ, ಪಾನ (ಸ್ಪ್ಯಾನರ್) ತೆಗೆದುಕೊಂಡು ಸೀದಾ ಆ ಬೋಲ್ಟಿಗೆ ಹೋಗಿ.